ಬೀಗದ ಕೈ ಮರಳಿಸುವ ದಿನ

ಕಾವೇರಿ, ಕನ್ನಿಕೆ, ಸುಜ್ಯೋತಿಗಳು ಕೂಡುವ ಭಾಗಮಂಡಲದ ಮಳೆಗಾಲ ಎಂಥದೆಂಬುದನ್ನು ಅಲ್ಲಿ ಒಂದು ಕಕ್ಕಡ ಮಾಸ ಕಳೆದವರಿಗೆ ಹೇಳಬೇಕಾಗಿಲ್ಲ. ಸಂಗಮ ಉಕ್ಕುತ್ತದೆ, ಗೋಡೆಗಳು ತೇವ ಹೀರಿ ಬಣ್ಣ ಉದುರಿಸುತ್ತವೆ, ಕಪಾಟಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಆದರೆ ಬಾಡಿಗೆದಾರ ಮನೆ ಖಾಲಿ ಮಾಡುವ ದಿನ ಬಂದೊಡನೆ ಮಳೆಯ ಈ ಕೆಲಸಕ್ಕೆಲ್ಲ ಅವನೇ ಹೊಣೆಗಾರನಾಗುತ್ತಾನೆ. "ಬಣ್ಣ ಬಳಿಸಬೇಕು" ಎಂಬ ಒಂದೇ ಮಾತಿಗೆ ಅಡ್ವಾನ್ಸ್ ಹಣದಿಂದ ಒಂದು ತಿಂಗಳ ಬಾಡಿಗೆ ಕಡಿತವಾಗುತ್ತದೆ. ಉಳಿದ ಹಣ ಕೇಳಿದರೆ "ಹೊಸಬರು ಬರಲಿ, ನೋಡೋಣ" ಎಂಬ ಉತ್ತರ. ಹೀಗೆ ಹೇಳುವವರಲ್ಲಿ ಮಸೀದಿಯ ಮೊದಲ ಸಫ್ಫಿನಲ್ಲಿ ನಿಲ್ಲುವವರೂ ಇದ್ದಾರೆ ಎಂಬುದೇ ನಮ್ಮ ನೋವು.

ನಾವು ಕೇಳುತ್ತೇವೆ: ಆ ಹಣ ಯಾರದು? ಮಾಲೀಕರು ಅದನ್ನು ಮನೆಯ ದುರಸ್ತಿಗೋ ಮಗಳ ಮದುವೆಗೋ ಬಳಸಿರಬಹುದು. ಬಳಸಿದ ಮಾತ್ರಕ್ಕೆ ಅದು ಆದಾಯವಾಗದು. ತೀರಿಸಲೇಬೇಕಾದ ಋಣವಾಗಿ ಉಳಿಯುತ್ತದೆ. ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ಮರಳಿಸಬೇಕೆಂದು ಪವಿತ್ರ ಕುರ್‌ಆನ್ (4:58) ಆಜ್ಞಾಪಿಸುತ್ತದೆ. ಹಕ್ಕುದಾರ ಮುಸ್ಲಿಮನೇ ಆಗಿರಬೇಕೆಂಬ ಷರತ್ತು ಅಲ್ಲಿಲ್ಲ. ಸಾಮರ್ಥ್ಯವಿದ್ದೂ ಸಾಲ ತೀರಿಸಲು ಸತಾಯಿಸುವುದನ್ನು ಪ್ರವಾದಿ(ಸ) ಅಕ್ರಮವೆಂದು ಕರೆದಿದ್ದಾರೆ. ನಿಜವಾಗಿಯೂ ಕೈಯಲ್ಲಿ ಹಣವಿಲ್ಲದ ಮಾಲೀಕರು ಕಾಲಾವಕಾಶ ಕೇಳಲಿ, ಕೊಡುವ ದಿನಾಂಕವನ್ನು ಬರೆದುಕೊಡಲಿ. ಕಷ್ಟದಲ್ಲಿರುವ ಸಾಲಗಾರನಿಗೆ ಅವಕಾಶ ನೀಡುವಂತೆಯೂ ಕುರ್‌ಆನ್ (2:280) ಕಲಿಸುತ್ತದೆ. ಅವಕಾಶ ಕೇಳುವುದು ಬೇರೆ, ಅಲೆದಾಡಿಸುವುದು ಬೇರೆ.

ನೆಲದ ಕಾನೂನೂ ಇದಕ್ಕೆ ಹೊರತಾದದ್ದನ್ನು ಹೇಳುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಕಲಮು ಬಾಡಿಗೆದಾರನು ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕೆನ್ನುತ್ತದೆ. ಆದರೆ ಸಹಜ ಸವೆತವನ್ನೂ ತಡೆಯಲಾಗದ ಪ್ರಕೃತಿಶಕ್ತಿಯಿಂದಾದ ಹಾನಿಯನ್ನೂ ಅದರಿಂದ ಹೊರಗಿಡುತ್ತದೆ. ಕೇಂದ್ರ ಸರಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡವೆಂದೂ ನ್ಯಾಯವಾದ ಕಡಿತ ಕಳೆದು ಮನೆ ವಶಕ್ಕೆ ಪಡೆಯುವಾಗಲೇ ಅದನ್ನು ಮರಳಿಸಬೇಕೆಂದೂ ಸೂಚಿಸಿದೆ. ಅದು ರಾಜ್ಯಗಳ ಮುಂದಿಟ್ಟ ಮಾದರಿ ಮಾತ್ರ. ಆದರೆ ಮುಸ್ಲಿಮನು ನ್ಯಾಯವಾಗಿ ನಡೆಯಲು ವಿಧಾನಸಭೆಯ ಅಂಗೀಕಾರಕ್ಕಾಗಿ ಕಾಯಬೇಕೇ?

ಬಾಡಿಗೆದಾರರೂ ನಿರಪರಾಧಿಗಳೆಂದು ನಾವು ಹೇಳುತ್ತಿಲ್ಲ. ಕೊನೆಯ ಮೂರು ತಿಂಗಳು "ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳಿ" ಎಂದು ಬಾಡಿಗೆ ನಿಲ್ಲಿಸುವವರು, ಕರೆಂಟ್ ಬಿಲ್ ಬಾಕಿಯಿಟ್ಟು ಹೊರಡುವವರು, ಒಡೆದ ಕಿಟಕಿಯನ್ನು ಪರದೆಯಿಂದ ಮರೆಮಾಚುವವರು ನಮ್ಮಲ್ಲಿ ಇಲ್ಲವೇ? ಬಾಡಿಗೆ ಮನೆ ಬಾಡಿಗೆದಾರನ ಕೈಯಲ್ಲಿ ಅಮಾನತ್ತೆಂದು ಫಿಕ್ಹ್ ಪಂಡಿತರು ಹೇಳುತ್ತಾರೆ. ಅವನ ತಪ್ಪು ಅಥವಾ ನಿರ್ಲಕ್ಷ್ಯದಿಂದಾದ ಹಾನಿಗೆ ಅವನೇ ಹೊಣೆ. ಕಾಲ ಮತ್ತು ಮಳೆ ಮಾಡಿದ್ದಕ್ಕಲ್ಲ. ಈ ಒಂದು ಗೆರೆಯನ್ನು ಇಬ್ಬರೂ ಗೌರವಿಸಿದರೆ ಜಗಳಕ್ಕೆ ಹೆಚ್ಚು ಜಾಗ ಉಳಿಯದು.

ಋಣದ ವ್ಯವಹಾರವನ್ನು ಸಾಕ್ಷಿಗಳೊಂದಿಗೆ ಬರೆದಿಡಲು ಹೇಳುವ ಸೂಕ್ತವೇ (2:282) ಕುರ್‌ಆನಿನ ಅತಿ ದೀರ್ಘ ಸೂಕ್ತ. ಹಾಗಿದ್ದೂ ಮನೆಯನ್ನು ಬಾಯಿಮಾತಿನಲ್ಲೇ ಕೊಟ್ಟು ಬಾಯಿಮಾತಿನಲ್ಲೇ ಜಗಳವಾಡುತ್ತೇವೆ. ಒಳಬರುವ ದಿನ ಗೋಡೆ, ನಲ್ಲಿ, ಬಾಗಿಲುಗಳ ಸ್ಥಿತಿಯನ್ನು ಬರೆದು, ಫೋಟೋ ತೆಗೆದು ಇಬ್ಬರೂ ಸಹಿ ಹಾಕಿದರೆ ಹೊರಹೋಗುವ ದಿನ ಅದೇ ಕಾಗದ ಸಾಕ್ಷಿ ಹೇಳುತ್ತದೆ. ನಿಕಾಹ್‌ಗೆ ಪುಸ್ತಕವಿಟ್ಟಿರುವ ಜಮಾಅತ್ ಕಮಿಟಿಗಳು ಇದಕ್ಕೂ ಒಂದು ನಮೂನೆ ಮುದ್ರಿಸಲಾರವೇ? ಸ್ವಂತ ಕಟ್ಟಡಗಳನ್ನು ಬಾಡಿಗೆಗೆ ಕೊಟ್ಟಿರುವ ಕಮಿಟಿಗಳು ಮೊದಲು ತಮ್ಮಿಂದಲೇ ಆರಂಭಿಸಲಿ.

ಕ್ರಿ.ಶ. 622ರಲ್ಲಿ ಪ್ರವಾದಿ(ಸ) ಮಕ್ಕಾದ ಮನೆ ತೊರೆದ ರಾತ್ರಿಯನ್ನು ನೆನೆಯೋಣ. ಕೊಲ್ಲಲು ಸಂಚು ಹೂಡಿದ ಊರಿನವರ ಅಮಾನತ್ತುಗಳೇ ಅವರ ಬಳಿಯಿದ್ದವು. ಅವನ್ನು ಒಂದೊಂದಾಗಿ ಮರಳಿಸಲು ಹಝ್ರತ್ ಅಲಿ(ರ) ಅವರನ್ನು ಹಿಂದೆ ಬಿಟ್ಟು ಅವರು ಹೊರಟರು. ಶತ್ರುವಿನ ಹಣವನ್ನೂ ಉಳಿಸಿಕೊಳ್ಳದ ಪ್ರವಾದಿಯ ಅನುಯಾಯಿಗಳು ನಾವು. ನೆರೆಮನೆಯವನಂತೆ ಬಾಳಿದವನ ಅಡ್ವಾನ್ಸ್ ಹಿಡಿದಿಟ್ಟುಕೊಂಡು ಯಾವ ಮುಖದಿಂದ ಸಲಾಂ ಹೇಳುತ್ತೇವೆ?