ಹಾಡಿನ ಹಿರಿಮೆ ಯಾವುದರಲ್ಲಿದೆ?

ಶಾಲೆಯ ಸ್ಮರಣಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂಬ ಅಪ್ಪಣೆಯು ಬಂದಾಗ ಹಳೆಯ ವಿದ್ಯಾರ್ಥಿನಿಯರಾದ ನಮ್ಮ ನೆನಪಿಗೆ ಮೊದಲು ಬಂದುವು ಹಾಡುಗಳು. ಗಣಿತದ ಸೂತ್ರಗಳು ಮರೆತುಹೋಗಿವೆ. ಬೆಳಗಿನ ಹೊತ್ತಿನ ಹಾರ್ಮೋನಿಯಮ್ಮಿನ ದನಿಯೂ, ಹಿಂದಿನ ಸಾಲಿನ ಬಾಲಿಕೆಯರು ಶ್ರುತಿ ತಪ್ಪಿ ನಕ್ಕುದೂ, ಸಂಗೀತದ ಉಪಾಧ್ಯಾಯಿನಿಯವರು ಕಣ್ಣಿನಿಂದಲೇ ಗದರಿಸಿದುದೂ ನಿನ್ನೆ ನಡೆದಂತೆ ನೆನಪಿನಲ್ಲಿವೆ. ಆದಕಾರಣ ಹಾಡಿನ ವಿಷಯದಲ್ಲಿಯೇ ಎರಡು ಮಾತುಗಳನ್ನು ಬರೆಯಲು ಮನಸ್ಸು ಮಾಡಿದೆವು.

ಇದಕ್ಕೆ ಬೇರೊಂದು ಕಾರಣವೂ ಉಂಟು. ಚಾಮರಾಜನಗರದಲ್ಲಾಗಲಿ ಗುಂಡ್ಲುಪೇಟೆಯಲ್ಲಾಗಲಿ ನಾಲ್ವರು ತಾಯಂದಿರು ಕೂಡಿದೆಡೆಯಲ್ಲಿ ಈಚೆಗೆ ಒಂದು ದೂರು ಕೇಳಿಬರುತ್ತದೆ. ಮಗಳು ಕಿವಿಗೆ ಯಂತ್ರವನ್ನು ಸಿಕ್ಕಿಸಿಕೊಂಡು ರಾಕ್ ಎಂತಲೋ ಮೆಟಲ್ ಎಂತಲೋ ಹೆಸರುಳ್ಳ ಗದ್ದಲವನ್ನು ಹಗಲಿರುಳೂ ಕೇಳುತ್ತಾಳೆ. ಅದರಲ್ಲಿ ರಾಗವಿಲ್ಲ, ನೀತಿಯಿಲ್ಲ. ಅದನ್ನೇ ಹಿರಿದೆಂದು ವಾದಿಸುತ್ತಾಳೆ ಎಂಬುದೇ ಆ ದೂರು. ಮಕ್ಕಳ ಉತ್ತರವು ಇದಕ್ಕಿಂತ ಚಿಕ್ಕದು: ನಿಮಗೆ ತಿಳಿಯದು. ಹೀಗೆ ಒಂದೇ ಮನೆಯಲ್ಲಿ ಎರಡು ಕಿವಿಗಳು ಬೇರೆಯಾಗಿವೆ. ಈ ವ್ಯಾಜ್ಯದಲ್ಲಿ ನಮ್ಮ ಅಭಿಪ್ರಾಯವನ್ನು ವಾಚಕರ ಮುಂದಿಡುತ್ತೇವೆ.

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ. ರಾಕ್ ಎಂದೊಡನೆ ನಮ್ಮ ಜಿಲ್ಲೆಯವರಿಗೆ ಕರಿಕಲ್ಲಿನ ಗಣಿಗಳು ನೆನಪಾಗಬಹುದು. ಆದರೆ ಸಂಗೀತದಲ್ಲಿ ಆ ಮಾತಿಗೆ ಬಂಡೆಯೆಂದು ಅರ್ಥವಲ್ಲ. ತೂಗು, ಅಲುಗಾಡು ಎಂದರ್ಥ. ಮೆಟಲ್ ಎಂಬುದು ಲೋಹವೇ ಸರಿ. ಆಲ್ಬಂ ಎಂಬ ಹೆಸರಿನ ಕಥೆಯೂ ಸ್ವಾರಸ್ಯವಾದುದೇ. ಹಿಂದಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ನಾಲ್ಕು ನಿಮಿಷಗಳ ಹಾಡು ಮಾತ್ರವೇ ಹಿಡಿಯುತ್ತಿದ್ದಿತು. ದೊಡ್ಡ ಕೃತಿಯೊಂದನ್ನು ಹಲವು ತಟ್ಟೆಗಳಲ್ಲಿ ಮುದ್ರಿಸಿ, ಭಾವಚಿತ್ರಗಳ ಪುಸ್ತಕದಂತೆ ರಟ್ಟಿನ ಹಾಳೆಗಳ ನಡುವೆ ಸೇರಿಸಿಡುತ್ತಿದ್ದರು. ಅಂದಿನಿಂದ ಆ ಹೆಸರು ಬಂದಿತು. 1948ರಲ್ಲಿ ಅಮೆರಿಕದ ಕೊಲಂಬಿಯ ಕಂಪೆನಿಯು ದೀರ್ಘಕಾಲ ನುಡಿಯುವ ತಟ್ಟೆಯನ್ನು ಹೊರತಂದ ಬಳಿಕ ಒಂದು ಮಗ್ಗುಲಿನಲ್ಲಿ ಇಪ್ಪತ್ತು ನಿಮಿಷಕ್ಕೂ ಮೀರಿ ಹಾಡು ಹಿಡಿಯಿತು. ತಟ್ಟೆಗಳ ಕಟ್ಟು ಹೋದರೂ ಹೆಸರು ಉಳಿಯಿತು. ಹಲವು ಹಾಡುಗಳನ್ನು ಒಂದು ಉದ್ದೇಶದಿಂದ ಒಟ್ಟುಗೂಡಿಸಿದ ಸಂಪುಟವೆಂದು ಅದನ್ನು ಕರೆಯಬಹುದು.

ಹಾಗಾದರೆ ಸಂಪುಟವೊಂದು ಕೇಳುವವರ ಮನಸ್ಸಿನಲ್ಲಿ ಹಿರಿದಾಗುವುದು ಯಾವುದರಿಂದ? ನಮ್ಮ ಎಣಿಕೆಯಲ್ಲಿ ಮೊದಲನೆಯ ಗುಣವು ಇಡಿತನ. ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ತಂಡದವರು 1973ರಲ್ಲಿ ಹೊರತಂದ ‘ದಿ ಡಾರ್ಕ್ ಸೈಡ್ ಆಫ್ ದ ಮೂನ್’ ಎಂಬ ಸಂಪುಟವು ಎದೆಬಡಿತದ ಸದ್ದಿನಿಂದ ಮೊದಲಾಗಿ ಅದೇ ಸದ್ದಿನಲ್ಲಿ ಮುಗಿಯುತ್ತದೆ. ನಡುವೆ ಕಾಲ, ಹಣ, ಮರಣಭಯ, ಬುದ್ಧಿಭ್ರಮಣೆ ಇವು ಒಂದರೊಳಗೊಂದು ಹರಿದು ಬರುತ್ತವೆ. ಅದರಿಂದ ಒಂದು ಹಾಡನ್ನು ಕಿತ್ತು ಕೇಳಿದರೆ ಇಂಪಾಗಿರಬಹುದು. ಆದರೆ ಅದು ಸೆರಗಿಲ್ಲದ ಸೀರೆಯಂತೆ ತೋರುವುದು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1973ರಿಂದ 1988ರ ವರೆಗೆ ಈ ಸಂಪುಟವು ಒಟ್ಟು 741 ವಾರಗಳ ಕಾಲ ನಿಂತಿದ್ದಿತು.

ಈ ಇಡಿತನವು ನಮ್ಮವರಿಗೆ ಹೊಸದೇನೂ ಅಲ್ಲ. ಮಲೆಮಹದೇಶ್ವರನ ಕಾವ್ಯವನ್ನು ಹಾಡುವ ದೇವರಗುಡ್ಡರು ಕಂಚಿನ ಕಂಸಾಳೆಯನ್ನು ಹಿಡಿದು ಇರುಳೆಲ್ಲ ಹಾಡುತ್ತಾರೆ. ಮಂಟೇಸ್ವಾಮಿ, ಸಿದ್ಧಪ್ಪಾಜಿಯರ ಕಥೆಯನ್ನು ನೀಲಗಾರರು ತಂಬೂರಿಯೊಡನೆ ಹಾಡುತ್ತಾರೆ. ಇವುಗಳ ಒಂದೊಂದು ಭಾಗಕ್ಕೂ ‘ಸಾಲು’ ಎಂದು ಹೆಸರು. ಕೇಳುವವರು ಯಾವ ಸಾಲು ಯಾವುದರ ಬಳಿಕ ಬರುವುದೆಂಬುದನ್ನು ಬಲ್ಲವರು. ಹಾಡುವವನು ನಡುವೆ ಹಾರಿಸಿದರೆ ಮೂಲೆಯಲ್ಲಿ ಕುಳಿತ ಮುದುಕಿಯೇ ತಡೆದು ಕೇಳುವಳು. ಮುಂದೆ ಕ್ಯಾಸೆಟ್ಟುಗಳ ಕಾಲವು ಬಂದು, ಇರುಳಿನ ಕಥೆಯನ್ನು ಅರ್ಧ ಗಂಟೆಯ ಮಗ್ಗುಲುಗಳಾಗಿ ಕತ್ತರಿಸಬೇಕಾಯಿತು. ಆದರೂ ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟುಗಳು ಈ ಸೀಮೆಯ ಮನೆಮನೆಗಳನ್ನು ಹೊಕ್ಕುವು. ಏತಕ್ಕೆಂದರೆ ಕಥೆಯ ಎಳೆಯನ್ನು ಅವರು ಕಡಿಯಲಿಲ್ಲ. ಒಂದು ಮಗ್ಗುಲು ಮುಗಿದಾಗ ಅದನ್ನು ತಿರುವಿ ಹಾಕಲು ಕೇಳುವವರ ಕೈ ತಾನಾಗಿ ಮುಂದೆ ಹೋಗುತ್ತಿದ್ದಿತು.

ಎರಡನೆಯ ಗುಣವು ಹುಟ್ಟಿದ ನೆಲದ ಸತ್ಯ. ಮೆಟಲ್ ಸಂಗೀತಕ್ಕೆ ಮೂಲವೆಂದು ಬಹುಮಂದಿ ಒಪ್ಪುವ ಬ್ಲ್ಯಾಕ್ ಸಬತ್ ತಂಡವು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಪಟ್ಟಣದ್ದು. ಕುಲುಮೆಗಳೂ ಲೋಹದ ಕಾರ್ಖಾನೆಗಳೂ ತುಂಬಿದ್ದ ಊರು. ಆ ತಂಡದ ಗಿಟಾರ್ ವಾದಕರಾದ ಟೋನಿ ಅಯೋಮಿಯವರು ಹದಿನೇಳರ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ ಕೆಲಸಮಾಡುತ್ತಿದ್ದಾಗ ಬಲಗೈಯ ಎರಡು ಬೆರಳುಗಳ ತುದಿಯನ್ನು ಯಂತ್ರಕ್ಕೆ ಕಳೆದುಕೊಂಡರು. ಎಡಗೈಯಿಂದ ಮೀಟುವವರಾದ್ದರಿಂದ ತಂತಿಯನ್ನು ಒತ್ತತಕ್ಕ ಬೆರಳುಗಳೇ ಅವು. ಅವರು ಪ್ಲಾಸ್ಟಿಕ್ಕನ್ನು ಕರಗಿಸಿ ತುದಿಗಳನ್ನು ಮಾಡಿ, ಮೇಲೆ ತೊಗಲನ್ನು ಅಂಟಿಸಿ, ಹಗುರವಾದ ತಂತಿಗಳನ್ನು ಕಟ್ಟಿಕೊಂಡರು. ಕೆಲವು ಕಾಲದ ಮೇಲೆ ತಂತಿಗಳ ಬಿಗಿಯನ್ನು ಸಡಿಲಿಸಿ ಶ್ರುತಿಯನ್ನೂ ಇಳಿಸಿದರು. ಇಂದು ಲೋಕವು ಮೆಟಲ್ಲಿನ ಗಾಂಭೀರ್ಯವೆಂದು ಗುರುತಿಸುವ ದನಿಗೆ ಆ ನೋವೂ ಒಂದು ಕಾರಣವಾಯಿತು. ಹೆಚ್ಚು ಕಡಮೆ ಒಂದೇ ದಿನದಲ್ಲಿ ಮುದ್ರಿಸಿದ ಅವರ ಮೊದಲನೆಯ ಸಂಪುಟವು 1970ರ ಫೆಬ್ರವರಿಯಲ್ಲಿ ಹೊರಬಂದಿತು. ಅದರಲ್ಲಿ ನಯವಿಲ್ಲದಿರಬಹುದು, ಸುಳ್ಳಿಲ್ಲ.

ನೀಲಗಾರರ ಕಾವ್ಯದಲ್ಲಿ ಸಿದ್ಧಪ್ಪಾಜಿಯು ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಹೋಗಿ ಪಡುವ ಪಾಡನ್ನು ಕೇಳಿದವರಿಗೆ ಬರ್ಮಿಂಗ್‌ಹ್ಯಾಮಿನ ಕಥೆಯು ಪರಕೀಯವೆಂದು ತೋರಲಾರದು. ಅಂತೆಯೇ ಮಹದೇಶ್ವರನ ಕಾವ್ಯದ ಸಂಕಮ್ಮನ ಸಾಲು. ಜೇನಿಗೆಂದು ಕಾಡಿಗೆ ಹೊರಟ ಗಂಡನು ಹೆಂಡತಿಯ ಶೀಲವನ್ನು ಶಂಕಿಸಿ ಆಣೆ ಕೇಳುತ್ತಾನೆ. ಕೊಡಲೊಪ್ಪದ ಆ ಹೆಣ್ಣುಮಗಳನ್ನು ಹಿಂಸೆಗೊಳಪಡಿಸಿ ಹೋಗುತ್ತಾನೆ. ಈ ಸಾಲು ಬಂದಾಗ ಹೆಂಗಸರ ಗುಂಪಿನಲ್ಲಿ ಸೆರಗುಗಳು ಕಣ್ಣಿಗೆ ಹೋಗುವುದನ್ನು ನಾವು ನೋಡಿದ್ದೇವೆ. ಕಂಠದ ಮಾಧುರ್ಯವೊಂದೇ ಹಾಗೆ ಅಳಿಸಲಾರದು; ಕೇಳುವವಳು ತನ್ನ ಬಾಳನ್ನು ಹಾಡಿನಲ್ಲಿ ಕಂಡುಕೊಂಡಾಗ ಮಾತ್ರ ಹಾಗಾಗುವುದು.

ಮೂರನೆಯದು ಮರುಕೇಳ್ಕೆಗೆ ನಿಲ್ಲುವ ಶಕ್ತಿ. ಮೊದಲನೆಯ ಸಲ ಬೆರಗುಗೊಳಿಸುವುದು ಸುಲಭ. ಸದ್ದನ್ನು ಹೆಚ್ಚಿಸಿದರೆ ಸಾಕು. ಐವತ್ತನೆಯ ಸಲವೂ ಹೊಸದೊಂದನ್ನು ಕೊಡುವುದು ಕಷ್ಟ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗವನ್ನು ಕೂಡಿಸಿದ ‘ನಿತ್ಯೋತ್ಸವ’ವು ಕನ್ನಡ ಭಾವಗೀತೆಗಳ ಮೊದಲನೆಯ ಕ್ಯಾಸೆಟ್ಟು. ಅದನ್ನು ಮೊದಲು ಕೇಳಿದವರು ಇಂದು ಅಜ್ಜಿಯರಾಗಿದ್ದಾರೆ. ಮೊಮ್ಮಕ್ಕಳು ಶಾಲೆಯ ಸಮಾರಂಭಗಳಲ್ಲಿ ಅದೇ ಹಾಡುಗಳನ್ನು ಹಾಡುತ್ತಿದ್ದಾರೆ. ಮಾರಾಟದ ಲೆಕ್ಕವು ಇದಕ್ಕೆ ಸಾಕ್ಷಿಯಾಗಬಹುದು, ಪ್ರಮಾಣವಾಗಲಾರದು. ಬೆಟ್ಟದ ದಾರಿಯಲ್ಲಿ ಹಾಡುವ ಗುಡ್ಡನ ಹೆಸರು ಯಾವ ಪಟ್ಟಿಯಲ್ಲಿದೆ?

ಇನ್ನು ತಾಯ್ತಂದೆಗಳ ಆಕ್ಷೇಪಣೆ. ಇಂಥ ಹಾಡುಗಳ ವಸ್ತುವು ಕತ್ತಲೆ, ಕೋಪ, ಕುಡಿತಗಳಾದುದರಿಂದ ಅವು ಹೆಣ್ಣುಮಕ್ಕಳಿಗೆ ತಕ್ಕುವಲ್ಲವೆನ್ನುತ್ತಾರೆ. ಅವರಿಗೆ ನಮ್ಮ ಸೀಮೆಯ ಸಂಬಂಧವುಳ್ಳ ಕವಿಯೊಬ್ಬರನ್ನು ನೆನಪಿಗೆ ತರುತ್ತೇವೆ. ಜಿ. ಪಿ. ರಾಜರತ್ನಂ ಅವರ ಹೆಸರಿನ ಮೊದಲ ಅಕ್ಷರಗಳಲ್ಲಿ ‘ಗುಂಡ್ಲುಪಂಡಿತ’ ಎಂಬ ಮನೆತನದ ಹೆಸರು ಅಡಗಿದೆ. ಗುಂಡ್ಲುಪೇಟೆಯ ನೆನಪನ್ನು ಹೊತ್ತ ಹೆಸರು ಅದು. ಹೆಂಡಕುಡುಕ ರತ್ನನ ಬಾಯಿಂದ ಪದಗಳನ್ನು ಹಾಡಿಸಿದ ಅವರು ಸ್ವತಃ ಕುಡಿತವನ್ನು ಅರಿಯದವರು. ‘ತುತ್ತೂರಿ’ಯನ್ನು ಬರೆದು ಕನ್ನಡದ ಕೂಸುಗಳನ್ನು ನಗಿಸಿದವರೂ ಅವರೇ. ಹಾಡಿನ ಮೇಲಂಗಿಯನ್ನು ನೋಡಿ ಒಳಗಿನ ಮನುಷ್ಯನನ್ನು ತೀರ್ಮಾನಿಸುವುದು ನ್ಯಾಯವಲ್ಲ.

ಹಾಗೆಂದು ಮಕ್ಕಳು ಮೆಚ್ಚಿದ ಎಲ್ಲವೂ ಹಿರಿದೆಂದು ನಾವು ಒಪ್ಪುವವರಲ್ಲ. ಹೆಣ್ಣನ್ನು ಹೀನಾಯಗೊಳಿಸುವ ಹಾಡಿನ ತಪ್ಪನ್ನು ಯಾವ ವಾದ್ಯದ ಅಬ್ಬರವೂ ಮುಚ್ಚಲಾರದು. ಇದನ್ನು ಹೆಣ್ಣುಮಕ್ಕಳೇ ಗಟ್ಟಿಯಾಗಿ ಹೇಳತಕ್ಕದ್ದು. ಕಿವಿಯ ಕ್ಷೇಮವನ್ನೂ ಮರೆಯಲಾಗದು. ವಿಶ್ವ ಆರೋಗ್ಯ ಸಂಸ್ಥೆಯವರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆಗಳಿಗೆ ಮೀರಿ ಕೇಳಬಾರದೆಂದು ಎಚ್ಚರಿಸಿದ್ದಾರೆ. ಸದ್ದು ಏರಿದಷ್ಟೂ ಆ ಅವಧಿಯು ಬೇಗಬೇಗನೆ ಇಳಿಯುತ್ತದೆ. ಕಿವಿಯನ್ನೇ ಕಳೆದುಕೊಂಡ ಮೇಲೆ ಯಾವ ಸಂಪುಟದ ಹಿರಿಮೆಯೂ ಪ್ರಯೋಜನಕ್ಕೆ ಬಾರದು.

ಈ ವಿಚಾರದಲ್ಲಿ ನಮಗೆ ಕಣ್ಣು ತೆರೆಸಿದ ಒಂದು ಸಣ್ಣ ಪ್ರಸಂಗವನ್ನು ಹೇಳುವೆವು. ಗುಂಡ್ಲುಪೇಟೆಯಲ್ಲಿ ನಮ್ಮ ಸಹಪಾಠಿಯೊಬ್ಬರ ಮನೆಗೆ ಹೋಗಿದ್ದಾಗ, ಮೈಸೂರಿನಲ್ಲಿ ಓದುತ್ತಿರುವ ಅವರ ಮಗಳು ಮೆಟಲ್ ಸಂಪುಟವೊಂದನ್ನು ನಮ್ಮೆದುರಿಗೆ ನುಡಿಸಿದಳು. ತಾಯಿಯು ಮುಖವನ್ನು ಗಂಟಿಕ್ಕಿಕೊಂಡರು. ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿಯು ತಲೆಯೆತ್ತಿ, “ಇದೇನ್ ಕೂಸು, ದೇವರಗುಡ್ಡರು ಕಂಸಾಳ ಬಡ್ದಂಗ ಅದ!” ಎಂದರು. ಹುಡುಗಿಯು ಬೆರಗಾಗಿ ಕಂಸಾಳೆಯೆಂದರೇನೆಂದು ಕೇಳಿದಳು. ಆ ಪ್ರಶ್ನೆಯು ನಮ್ಮ ಎದೆಯನ್ನು ಇರಿಯಿತು. ಮಗಳು ಪರದೇಶದ ಲೋಹವನ್ನು ಕೇಳಿದುದರಲ್ಲಿ ನಷ್ಟವಿರಲಿಲ್ಲ. ತನ್ನ ಊರಿನ ಕಂಚನ್ನು ಕೇಳದೆ ಬೆಳೆದುದರಲ್ಲಿ ನಷ್ಟವಿದ್ದಿತು. ಆ ನಷ್ಟಕ್ಕೆ ಹೊಣೆಗಾರರು ಅವಳಲ್ಲ, ನಾವು.

‘ಕೋಲುಮಂಡೆ’ಯ ಪದವನ್ನು 1996ರ ‘ಜನುಮದ ಜೋಡಿ’ ಚಿತ್ರದಿಂದ ಬಲ್ಲವರು ಬಹುಮಂದಿ. ಅದು ದೇವರಗುಡ್ಡರ ಬಾಯಿಂದ ಬಂದುದೆಂದು ಬಲ್ಲವರು ಅಷ್ಟಿಲ್ಲ. 2020ರಲ್ಲಿ ಅದೇ ಪದವು ರ‍್ಯಾಪ್ ರೂಪದಲ್ಲಿ ಬಂದಾಗ, ಅದರ ದೃಶ್ಯದಲ್ಲಿ ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರು ನೊಂದು ಆಕ್ಷೇಪಿಸಿದರು, ದೃಶ್ಯವನ್ನು ಹಿಂತೆಗೆದುಕೊಳ್ಳಲಾಯಿತು. ಹೊಸ ವಾದ್ಯವು ತಪ್ಪಲ್ಲ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು 2008ರ ತಮ್ಮ ಮೊದಲನೆಯ ಸಂಪುಟದಲ್ಲಿ ಶಿಶುನಾಳ ಶರೀಫರ ಪದವನ್ನು ಗಿಟಾರಿನೊಡನೆ ಹಾಡಿ ದೇಶಾಂತರಗಳಿಗೆ ಮುಟ್ಟಿಸಿದರಷ್ಟೆ. ಮೂಲದವರ ಮಾನವನ್ನು ಕಾಯುವುದೂ ಅವರ ಹೆಸರನ್ನು ಹೇಳುವುದೂ ಹೊಸದನ್ನು ಮಾಡುವವರ ಮೊದಲನೆಯ ಕರ್ತವ್ಯವೆಂದು ಮಾತ್ರ ನಮ್ಮ ವಾದ.

ಇದಕ್ಕಿಂತಲೂ ಹೆಚ್ಚಿನ ಕಳವಳವು ಹೆಂಗಸರ ಹಾಡುಗಳದು. ಗಂಡಸರ ಕಾವ್ಯಗಳು ಕ್ಯಾಸೆಟ್ಟನ್ನಾದರೂ ಏರಿದುವು. ಸೋಬಾನೆ, ಬೀಸುವ ಪದ, ನಾಟಿಯ ಪದಗಳನ್ನು ಬಲ್ಲ ನಮ್ಮ ಅತ್ತೆಯರೂ ಅಜ್ಜಿಯರೂ ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಬೀಸುವ ಕಲ್ಲು ಮೂಲೆಗೆ ಬಿದ್ದ ದಿನವೇ ಅದರ ಪದಕ್ಕೂ ಕೆಲಸವು ತಪ್ಪಿತು. ಅವರು ಹೋದ ಮೇಲೆ ಕೊಂಡುಕೊಳ್ಳುವೆವೆಂದರೆ ಆ ಸಂಪುಟವು ಯಾವ ಅಂಗಡಿಯಲ್ಲೂ ದೊರೆಯದು.

ಆದಕಾರಣ ಎರಡು ಬಿನ್ನಹಗಳನ್ನು ಮಾಡಿ ಮುಗಿಸುತ್ತೇವೆ. ತಾಯ್ತಂದೆಗಳೇ, ಮಗಳು ಮೆಚ್ಚಿದ ಸಂಪುಟವೊಂದನ್ನು ಅವಳೊಡನೆ ಕುಳಿತು ಮೊದಲಿಂದ ಕೊನೆಯ ವರೆಗೆ ಒಂದು ಸಲ ಕೇಳಿರಿ. ಅನಂತರ ತೀರ್ಪು ಹೇಳಿರಿ. ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರೇ, ಕೈಯಲ್ಲಿರುವ ಮೊಬೈಲಿನಲ್ಲಿಯೇ ಮನೆಯ ಹಿರಿಯಳ ಹಾಡುಗಳನ್ನು ಆಕೆಯ ಒಪ್ಪಿಗೆಯಿಂದ ಮುದ್ರಿಸಿಕೊಂಡು, ಹಾಡಿದವಳ ಹೆಸರು, ಊರು, ದಿನಾಂಕಗಳನ್ನು ತಪ್ಪದೆ ಬರೆದಿಡಿರಿ. ಮುಂದಿನ ಸಂಚಿಕೆಯು ಹೊರಡುವ ಹೊತ್ತಿಗೆ ಚಾಮರಾಜನಗರದಿಂದ ಹತ್ತು, ಗುಂಡ್ಲುಪೇಟೆಯಿಂದ ಹತ್ತು ಹಾಡುಗಳು ಶಾಲೆಯ ಪುಸ್ತಕಭಂಡಾರವನ್ನು ಸೇರಿದರೂ ನಮ್ಮ ಈ ಬರಹವು ಸಾರ್ಥಕವಾಯಿತೆಂದು ತಿಳಿಯುವೆವು. ಆ ಇಪ್ಪತ್ತು ಹಾಡುಗಳ ಸಂಪುಟವು ಹಿರಿದೋ ಅಲ್ಲವೋ ಎಂಬುದನ್ನು ನಮ್ಮ ಹೆಣ್ಣುಮಕ್ಕಳೇ ಕೇಳಿ ಹೇಳಲಿ.