ಸ್ಕ್ರೀನ್ ಹ್ಯಾಂಗ್ ಆದರೆ ಕನ್ನಡಿಗ ಯಾರನ್ನು ಕೇಳಬೇಕು?

ಆಟಿ ತಿಂಗಳ ಜಡಿಮಳೆ. ಬಂಟ್ವಾಳದ ಬಿ.ಸಿ. ರೋಡಿನ ಟ್ಯಾಕ್ಸಿ ಚಾಲಕನೊಬ್ಬನನ್ನು ಕಣ್ಣ ಮುಂದೆ ತಂದುಕೊಳ್ಳಿ. ಸಾಲ ಮಾಡಿ ವಿದ್ಯುತ್ ಕಾರು ಕೊಂಡವನು. ಧರ್ಮಸ್ಥಳಕ್ಕೆ ಬಂದ ಕುಟುಂಬವೊಂದನ್ನು ಬೆಳ್ತಂಗಡಿ, ಗುರುವಾಯನಕೆರೆ, ವೇಣೂರು ದಾರಿಯಾಗಿ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಕರೆದೊಯ್ಯುತ್ತಿದ್ದಾನೆ. ನಡುದಾರಿಯಲ್ಲಿ ಟಚ್‌ಸ್ಕ್ರೀನ್ ಹ್ಯಾಂಗ್! ಎ.ಸಿ. ಅದರಲ್ಲೇ, ಗಾಜಿನ ಮಂಜು ತೆಗೆಯುವ ಗುಂಡಿ ಅದರಲ್ಲೇ, ಹಿಂದಿನ ಕ್ಯಾಮೆರಾ ಅದರಲ್ಲೇ. ಒತ್ತಿದರೆ ಜಪ್ಪಯ್ಯ ಎಂದರೂ ಕದಲದು. ಮುಂದಿನ ಗಾಜು ಮಬ್ಬಾಗುತ್ತಿದೆ. ಕೈಪಿಡಿ ತೆರೆದರೆ ಇಂಗ್ಲಿಷ್. ಸಹಾಯವಾಣಿಗೆ ಫೋನ್ ಮಾಡಿದರೆ ಹಿಂದಿ. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಆಡಿ, ಶಾಲೆಯಲ್ಲಿ ಕನ್ನಡ ಓದಿದ ಆ ಮನುಷ್ಯ ಏನು ಮಾಡಬೇಕು?

ಮಾಡಬೇಕಾದ್ದು ಬೆಟ್ಟದಷ್ಟೇನಿಲ್ಲ. ಬಹುತೇಕ ಕಾರುಗಳಲ್ಲಿ ಬ್ರೇಕು, ಸ್ಟೀರಿಂಗ್, ಮೋಟಾರು ನೋಡಿಕೊಳ್ಳುವ ಕಂಪ್ಯೂಟರ್ ಬೇರೆ, ಸ್ಕ್ರೀನಿನ ಕಂಪ್ಯೂಟರ್ ಬೇರೆ. ಆದ್ದರಿಂದ ಗಾಬರಿ ಬೇಡ. ಕಿಟಕಿ ತುಸು ಇಳಿಸಿ. ಗಾಜಿನ ಮಬ್ಬು ಕಡಿಮೆಯಾಗುತ್ತದೆ. ರಸ್ತೆ ಬದಿಗೆ ನಿಲ್ಲಿಸಿ, ಅಪಾಯ ಸೂಚಕ ದೀಪ ಹಾಕಿ. ಸ್ಕ್ರೀನಿಗೆ ಸಿಕ್ಕಿಸಿದ ಫೋನ್ ವಯರು, ಪೆನ್‌ಡ್ರೈವ್ ಕಿತ್ತುಬಿಡಿ. ಸ್ಕ್ರೀನಿನ ಪವರ್ ಗುಂಡಿಯನ್ನು ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿಯಿರಿ. ಕೆಲವು ಕಾರುಗಳಲ್ಲಿ ಇದಕ್ಕೆ ಸ್ಟೀರಿಂಗ್ ಮೇಲಿನ ಗುಂಡಿಗಳಿವೆ. ಆಗಲೂ ಬಾರದಿದ್ದರೆ ಕಾರು ಆಫ್ ಮಾಡಿ, ಇಳಿದು ಲಾಕ್ ಹಾಕಿ, ಕೆಲವು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಿ. ಮತ್ತೆ ಮತ್ತೆ ಹೀಗಾದರೆ 12 ವೋಲ್ಟಿನ ಸಣ್ಣ ಬ್ಯಾಟರಿಯನ್ನೂ ತಂತ್ರಾಂಶವನ್ನೂ ತೋರಿಸಿ. ಕಿತ್ತಳೆ ಬಣ್ಣದ ದಪ್ಪ ಕೇಬಲ್ಲಿಗೆ ಮಾತ್ರ ಕೈ ಹಾಕಬೇಡಿ. ಅದರಲ್ಲಿ ಜೀವ ತೆಗೆಯುವ ವಿದ್ಯುತ್ತಿದೆ. ನಿಂತುಹೋದ ಕ್ಯಾಮೆರಾ ಚಿತ್ರ ನಂಬಿ ರಿವರ್ಸ್ ತೆಗೆಯಬೇಡಿ. ಹಿಂದೆ ಮಗು ನಿಂತಿದ್ದರೂ ಅದು ಹಳೆಯ ಖಾಲಿ ರಸ್ತೆಯನ್ನೇ ತೋರಿಸೀತು!

ಓದಿದಿರಲ್ಲ ಗೆಳೆಯರೇ? ಇದರಲ್ಲಿ ಕನ್ನಡದಲ್ಲಿ ಹೇಳಲಾಗದ್ದು ಯಾವುದಿತ್ತು? ಒಂದು ಹಾಳೆಯ ಮಾತು. ಲಕ್ಷಾಂತರ ರೂಪಾಯಿ ಎಣಿಸಿಕೊಂಡವರಿಗೆ ಆ ಒಂದು ಹಾಳೆ ಭಾರವೇ? ನಮ್ಮ ದುಡ್ಡು ಬೇಕು, ನಮ್ಮ ನುಡಿ ಬೇಡವೇ?

ಕನ್ನಡಕ್ಕೆ ತಂತ್ರಜ್ಞಾನ ಒಗ್ಗುವುದಿಲ್ಲ ಎನ್ನುವವರ ಬಾಯಿ ಮುಚ್ಚಿಸಲು ಈ ನಾಡಿನ ಚರಿತ್ರೆಯೇ ಸಾಕು. ಕಂಪ್ಯೂಟರಿನಲ್ಲಿ ಕನ್ನಡ ಟೈಪಿಸುವ ಸುಲಭ ಕೀಲಿಮಣೆ ವಿನ್ಯಾಸ ಕೊಟ್ಟ ಕೆ.ಪಿ. ರಾವ್ ಇದೇ ಜಿಲ್ಲೆಯ ಕಿನ್ನಿಕಂಬಳದವರು. ಯೂನಿಕೋಡಿನಲ್ಲಿ ಕನ್ನಡ ಲಿಪಿ 1991ರಿಂದಲೇ ಇದೆ. ರೇವಾ ವಿದ್ಯುತ್ ಕಾರು 2001ರಲ್ಲಿ ರಸ್ತೆಗಿಳಿದದ್ದು ಬೆಂಗಳೂರಿನಲ್ಲಿ. ಅದು ಲಂಡನ್ನಿನ ಬೀದಿಯಲ್ಲೂ ಓಡಿತು. 2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ತಂದದ್ದು ಕರ್ನಾಟಕ. ಕಾರು ಇಲ್ಲಿ ಹುಟ್ಟಬಹುದು, ಕಾರಿನ ತಂತ್ರಾಂಶ ಇಲ್ಲಿ ಬರೆಯಬಹುದು, ಸ್ಕ್ರೀನಿನ ಮೇಲೆ ಕನ್ನಡ ಮಾತ್ರ ಬರಬಾರದೇ?

ಸರ್ಕಾರಕ್ಕೂ ಒಂದು ಮಾತು. ರಾಜ್ಯದಲ್ಲಿ ತಯಾರಾಗುವ ಸರಕಿನ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು 2025ರ ಫೆಬ್ರವರಿಯಲ್ಲಿ ಆದೇಶವಾಯಿತು. ಸಂತೋಷ. ಆದರೆ ಪುಣೆಯಲ್ಲೋ ಚೆನ್ನೈಯಲ್ಲೋ ತಯಾರಾಗಿ ಇಲ್ಲಿ ಮಾರಾಟವಾಗುವ ಕಾರಿನ ಗತಿಯೇನು? ಇಲ್ಲಿ ತಯಾರಾದದ್ದಕ್ಕೆ ಮಾತ್ರವಲ್ಲ, ಇಲ್ಲಿ ಮಾರುವುದಕ್ಕೂ ಕನ್ನಡ ಸೂಚನೆ ಕಡ್ಡಾಯವಾಗಲಿ.

ಕೊನೆಗೆ ನಮ್ಮ ತಪ್ಪನ್ನೂ ಒಪ್ಪಿಕೊಳ್ಳೋಣ. ಫೋನಿನಲ್ಲಿ, ಎ.ಟಿ.ಎಂ.ನಲ್ಲಿ ಕನ್ನಡದ ಆಯ್ಕೆ ಇದ್ದಾಗಲೂ ನಮ್ಮ ಬೆರಳು ಇಂಗ್ಲಿಷಿನ ಮೇಲೆ ಬೀಳುತ್ತದೆ. ಯಾರೂ ಒತ್ತದ ಗುಂಡಿಯನ್ನು ಕಂಪನಿ ಯಾಕೆ ಇಡುತ್ತದೆ? ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ ಕಾರು ಕೊಳ್ಳುವ ಯುವಕ ಯುವತಿಯರೇ, ಮುಂಗಡ ಕಟ್ಟುವ ಮೊದಲು ಕೇಳಿ: ಕನ್ನಡ ಕೈಪಿಡಿ ಎಲ್ಲಿ? ಸ್ಕ್ರೀನಿನಲ್ಲಿ ಕನ್ನಡ ಇದೆಯೇ? ಸಹಾಯವಾಣಿಯಲ್ಲಿ ಕನ್ನಡ ಬಲ್ಲವರು ಇದ್ದಾರೆಯೇ? ಇಲ್ಲ ಎಂದರೆ ಲಿಖಿತವಾಗಿ ಬೇಡಿಕೆ ಕೊಡಿ. ಅಲ್ಲಿಯವರೆಗೆ ಮೇಲಿನ ಸೂಚನೆಗಳನ್ನು ಕತ್ತರಿಸಿ ನಿಮ್ಮೂರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅಂಟಿಸಿ.

ಇಂಗ್ಲಿಷ್ ಬಲ್ಲ ನಿಮಗೆ ಕನ್ನಡದ ಗುಂಡಿ ಬರೀ ಅಭಿಮಾನ ಇರಬಹುದು. ಮಳೆಯಲ್ಲಿ ಗಾಜು ಮಬ್ಬಾಗಿ ಕುಳಿತ ಆ ಚಾಲಕನಿಗೆ ಅದು ಜೀವದ ಪ್ರಶ್ನೆ!