ಸ್ವಂತ ಮನೆಯೆಂಬ ಪ್ರತಿಷ್ಠೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಹೇಳಿದ್ದು ಎಚ್ಚರಿಕೆಗಾಗಿ. ನಾವು ಅದನ್ನು ಆಜ್ಞೆಯೆಂದು ತಿಳಿದುಕೊಂಡಿದ್ದೇವೆ. ಹುಬ್ಬಳ್ಳಿಯಲ್ಲಿ ನೌಕರಿ ಹಿಡಿದ ತರುಣನಿಗೆ ಹೆಣ್ಣು ಕೊಡುವವರು ಕೇಳುವ ಮೊದಲ ಮಾತು, ‘ಸ್ವಂತ ಮನಿ ಐತೇನ್ರಿ?’ ಇಲ್ಲವೆಂದರೆ ಅವನ ಪದವಿ, ಸಂಬಳ, ಸದ್ಗುಣಗಳೆಲ್ಲ ಅರ್ಧ ಬೆಲೆಗೆ ಇಳಿಯುತ್ತವೆ. ಈ ಅಪಮಾನಕ್ಕೆ ಅಂಜಿ ಅವನು ಇಪ್ಪತ್ತು ವರ್ಷದ ಸಾಲಕ್ಕೆ ಸಹಿ ಹಾಕುತ್ತಾನೆ.

ಈ ಹಂಬಲ ಬಂದದ್ದು ಕುಂದಗೋಳ ತಾಲೂಕಿನ ಯರಗುಪ್ಪಿಯಂಥ ಎರೆಸೀಮೆಯ ಊರುಗಳಿಂದ. ಅಲ್ಲಿ ಮನೆಯೆಂಬುದು ಒಕ್ಕಲುತನದ ಒಂದು ಅಂಗ. ದನಗಳಿಗೆ ಜಾಗ, ಕಾಳಿಗೆ ಹಗೇವು, ಮೇಲೆ ಮಣ್ಣಿನ ಮಾಳಿಗೆ. ಹೊಲವು ಊರು ಬಿಟ್ಟು ಕದಲುವುದಿಲ್ಲ. ಆದ್ದರಿಂದ ಒಕ್ಕಲಿಗನ ಮನೆಯೂ ಕದಲಬೇಕಾಗಿರಲಿಲ್ಲ. ಆದರೆ ನೌಕರಿ ಕದಲುತ್ತದೆ. ಇಂದು ಹುಬ್ಬಳ್ಳಿ, ನಾಳೆ ಬೆಳಗಾವಿ, ನಾಡಿದ್ದು ಪುಣೆ. ಹೊಲದವನ ನ್ಯಾಯವನ್ನು ಸಂಬಳದವನಿಗೆ ಹಚ್ಚುವುದು ಯಾವ ಜಾಣತನ?

ಲೆಕ್ಕವನ್ನೇ ನೋಡೋಣ. ನಲವತ್ತು ಲಕ್ಷದ ಮನೆ; ಹತ್ತು ಲಕ್ಷ ಕೈಯಿಂದ, ಮೂವತ್ತು ಲಕ್ಷ ಬ್ಯಾಂಕಿನಿಂದ ಎನ್ನಿ. ನೂರಕ್ಕೆ ಎಂಟೂವರೆ ಬಡ್ಡಿಯಂತೆ 20 ವರ್ಷಕ್ಕೆ ತಿಂಗಳ ಕಂತು ಸುಮಾರು 26,000 ರೂಪಾಯಿ. ಕೊನೆಗೆ ಬ್ಯಾಂಕಿಗೆ ಸಲ್ಲುವುದು ಸುಮಾರು 62 ಲಕ್ಷ. ಅದರಲ್ಲಿ ಬಡ್ಡಿಯೇ ಅಸಲಿಗಿಂತ ಹೆಚ್ಚು. ಅಂಥದೇ ಮನೆ 12,000 ರೂಪಾಯಿ ಬಾಡಿಗೆಗೆ ಸಿಕ್ಕುವುದಾದರೆ ತಿಂಗಳಿಗೆ 14,000 ಉಳಿಯಿತು. ಕೊಳ್ಳುವವನಿಗೆ ಸ್ಟಾಂಪು ಶುಲ್ಕವೂ ಉಂಟು; ನೋಂದಣಿ ಶುಲ್ಕವಂತೂ ರಾಜ್ಯದಲ್ಲಿ 2025ರ ಆಗಸ್ಟ್ ಕೊನೆಗೆ ನೂರಕ್ಕೆ ಒಂದರಿಂದ ಎರಡಕ್ಕೇರಿತು. ‘ತೆರಿಗೆ ಉಳಿಯುತ್ತದಲ್ಲ’ ಎನ್ನುವವರು ತಿಳಿಯಲಿ: 2020ರಲ್ಲಿ ಬಂದ ಹೊಸ ತೆರಿಗೆ ಪದ್ಧತಿಯಲ್ಲಿ ತಾನೇ ವಾಸಿಸುವ ಮನೆಯ ಸಾಲದ ಬಡ್ಡಿಗೆ ರಿಯಾಯತಿ ಇಲ್ಲ.

ಬಾಡಿಗೆ ಏರುತ್ತದೆ, ಮನೆಯ ಬೆಲೆಯೂ ಏರುತ್ತದೆ, ಮುಪ್ಪಿನಲ್ಲಿ ಒಂದು ಸೂರು ಬೇಕು ಎನ್ನುವಿರಿ. ಒಪ್ಪಿದೆ. ಹದಿನೈದು ವರ್ಷ ಒಂದೇ ಊರಿನಲ್ಲಿ ನಿಲ್ಲುವೆನೆಂಬ ಭರವಸೆಯಿದ್ದು, ಕಂತು ಬಾಡಿಗೆಯ ಸಮೀಪಕ್ಕೆ ಬರುವವನು ಧಾರಾಳವಾಗಿ ಕೊಳ್ಳಲಿ. ಉಳಿದ ಹಣವನ್ನು ಹೋಟೆಲಿಗೂ ಹೊಸ ಕಾರಿಗೂ ಸುರಿಯುವವನೂ ಕೊಳ್ಳಲಿ. ಅವನಿಗೆ ಬ್ಯಾಂಕಿನ ಬಲವಂತವೇ ಮೇಲು. ಮಿಕ್ಕವರು ಬಾಡಿಗೆಗಿರಲಿ, ಉಳಿದದ್ದನ್ನು ಪ್ರತಿ ತಿಂಗಳೂ ಕೂಡಿಡಲಿ.

ಆದರೆ ನಮ್ಮವರು ಕೊಳ್ಳುವುದು ಲಾಭದ ಆಸೆಗಿಂತ ಮಾಲಕನ ಭಯಕ್ಕೆ. ಹನ್ನೊಂದು ತಿಂಗಳ ಕರಾರು. ಏಕೆಂದರೆ ವರ್ಷ ಮೀರಿದರೆ 1908ರ ಕಾಯಿದೆಯಂತೆ ನೋಂದಣಿ ಮಾಡಿಸಬೇಕು. ‘ನೀವು ಯಾವ ಮಂದಿ?’ ಎಂಬ ಜಾತಿಯ ವಿಚಾರಣೆ. ಗೋಡೆಗೆ ಮೊಳೆ ಹೊಡೆದರೆ ತಕರಾರು, ನೆಂಟರು ಬಂದರೆ ನೀರಿನ ತಕರಾರು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವ ರೂಢಿ ಹೆಸರುವಾಸಿ. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಬೇಡವೆಂದು ಕೇಂದ್ರದ ಮಾದರಿ ಬಾಡಿಗೆ ಕಾಯಿದೆ 2021ರಲ್ಲಿಯೇ ಹೇಳಿತು. ಆದರೆ ಮಾದರಿ ಮಾದರಿಯೇ. ರಾಜ್ಯಗಳು ಒಪ್ಪಿ ಜಾರಿಗೆ ತಂದರೆ ಮಾತ್ರ ಅದಕ್ಕೆ ಜೀವ.

ಅತ್ತ ಊರಲ್ಲಿ ಅಪ್ಪನ ಮನೆಗೆ ಬೀಗ. ಮಣ್ಣಿನ ಮಾಳಿಗೆ ಮಳೆಗಾಲಕ್ಕೆ ಮುಂಚೆ ನಾಲ್ಕು ಬುಟ್ಟಿ ಮಣ್ಣು ಬೇಡುತ್ತದೆ. ಹಾಕುವವರಿಲ್ಲದಿದ್ದರೆ ಮೊದಲು ಸೋರುತ್ತದೆ, ಆಮೇಲೆ ಬೀಳುತ್ತದೆ. ಕಟ್ಟಿ ಮುಗಿದ ಮನೆಗೆ ಮಣ್ಣು ಹಾಕಿಸದವನು ಮುಗಿಯದ ಕಂತಿಗೆ ಆಯುಷ್ಯ ಹಾಕುತ್ತಾನೆ. ಇದಕ್ಕೆ ನಾವು ಏಳಿಗೆಯೆಂದು ಹೆಸರಿಟ್ಟಿದ್ದೇವೆ!

ಬಾಡಿಗೆದಾರನಿಗೆ ಮೂರು ವರ್ಷದ ನಿಶ್ಚಿಂತೆ, ನ್ಯಾಯವಾದ ಮುಂಗಡ, ಜಾತಿ ಕೇಳದ ಮಾಲಕ, ಇಷ್ಟು ಸಿಕ್ಕರೆ ಸ್ವಂತ ಮನೆಯ ಹುಚ್ಚು ಅರ್ಧ ಇಳಿದೀತು. ಅಲ್ಲಿಯವರೆಗೆ ಹೆಣ್ಣು ಕೊಡುವವರಲ್ಲಿ ಒಂದು ಬಿನ್ನಹ: ವರನಿಗೆ ಮನೆ ಇದೆಯೇ ಎಂದು ಕೇಳಬೇಡಿ, ಸಾಲ ಎಷ್ಟಿದೆ ಎಂದು ಕೇಳಿರಿ.